ಪೆನ್ ಡ್ರೈವ್ ಕೀಳುವವಳು

ನಮ್ಮೂರಿನಲ್ಲಿ ಕಂಪ್ಯೂಟರಿಗೆ ಹೊಸ ಸಿಸ್ಟಮ್ ಹಾಕುವುದು ಮಧ್ಯಾಹ್ನದ ಊಟವಾದ ಮೇಲೆಯೇ. ಹೊಟ್ಟೆ ತುಂಬಿರಬೇಕು, ಇಲ್ಲದಿದ್ದರೆ ಮಲಗಿದವರು ಕನಸಿನ ತುಂಬ ಊಟಕ್ಕೇ ಹುಡುಕಾಡುತ್ತಾರೆ. ಮನೆಮಂದಿ ಕಂಪ್ಯೂಟರಿನ ಸುತ್ತ ಚಾಪೆ ಹಾಸುತ್ತಾರೆ, ದಿಂಬಿಗೆ ಜಗಳವಾಡುತ್ತಾರೆ, ಒಲೆ ಆರಿಸಿದೆಯಾ ಅಂತ ಒಬ್ಬರನ್ನೊಬ್ಬರು ಮೂರು ಸಲ ಕೇಳುತ್ತಾರೆ. ಆಮೇಲೆ ಸಾಲಾಗಿ ಮಲಗಿ, “ಹೂಂ, ಹಾಕವ್ವ ಮಂಗಳಕ್ಕ” ಅನ್ನುತ್ತಾರೆ. ನಾನು ಕೊರಳಿನ ದಾರದಲ್ಲಿ ತೂಗುವ ಪೆನ್ ಡ್ರೈವನ್ನು ಬಿಚ್ಚಿ ಸಿಪಿಯುಗೆ ಚುಚ್ಚುತ್ತೇನೆ. ನನ್ನ ಪೂರ್ತಿ ಹೆಸರು ಸರ್ವಮಂಗಳ, ವಯಸ್ಸು ನಲವತ್ತೆರಡು. ಈ ಊರಿನ ಎಲ್ಲ ಮನೆಗಳಲ್ಲೂ, ಎಲ್ಲರೂ ಮಲಗಿರುವಾಗ ಎಚ್ಚರವಾಗಿ ಕೂತವಳು ನಾನೊಬ್ಬಳೇ.

ಚುಚ್ಚಿದ ಮೇಲೆ ಸ್ವಿಚ್ ಒತ್ತಿ, ಪರದೆ ಬೆಳಗುವುದಕ್ಕೆ ಮೊದಲೇ ಕೀಬೋರ್ಡಿನ ಮೇಲಿನ ಸಾಲಿನ ಒಂದು ಗುಂಡಿಯನ್ನು ಪಟಪಟ ಬಡಿಯಬೇಕು. ಆಗ ಯಂತ್ರ, ಹಾರ್ಡ್ ಡಿಸ್ಕಿನಿಂದ ಏಳಲೋ ಪೆನ್ ಡ್ರೈವಿನಿಂದ ಏಳಲೋ ಎಂದು ಕೇಳುತ್ತದೆ. ಪೆನ್ ಡ್ರೈವ್ ಅನ್ನಬೇಕು. ಭಾಷೆ ಯಾವುದು, ಯಾವ ಡಿಸ್ಕಿಗೆ ಹಾಕಲಿ ಎಂದೆಲ್ಲ ವಿಚಾರಿಸಿಕೊಂಡು ಕೊನೆಗೆ, ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಎನ್ನುತ್ತದೆ. ಅದನ್ನು ನಾನು ಜೋರಾಗಿ ಓದಬೇಕು, ಮಲಗಿದವರೆಲ್ಲ ಒಟ್ಟಿಗೆ “ಮುಂದುವರಿ” ಅನ್ನಬೇಕು. ಅದು ಪದ್ಧತಿ. ನಾನು ಎಂಟರ್ ಒತ್ತಿದ ಕೂಡಲೇ ಪರದೆಯ ಮೇಲೆ ಪರ್ಸೆಂಟು ಏರತೊಡಗುತ್ತದೆ, ಮಲಗಿದವರ ಕಣ್ಣುಗಳು ಮುಚ್ಚುತ್ತವೆ. ಡಿಸ್ಕಿನಿಂದ ಅಳಿಸಿಹೋಗುವುದೆಲ್ಲ ಹೋಗುವ ಮುಂಚೆ ಅವರ ನಿದ್ದೆಯೊಳಗೆ ಹಾದು ಹೋಗುತ್ತದೆ. ಫೋಟೋ ಇದ್ದರೆ ಆ ದಿನದ ಬಿಸಿಲೇ ಬರುತ್ತದೆ, ಕಾಗದ ಇದ್ದರೆ ಬರೆದವರ ದನಿ ಬರುತ್ತದೆ. ಎಂದೋ ಡಿಲೀಟ್ ಮಾಡಿದ ಫೈಲುಗಳೂ ನಾವೂ ಇದ್ದೇವೆ ಅಂತ ಎದ್ದು ಬರುತ್ತವೆ. ಬರುವುದು ಒಂದೇ ಸಲ, ಆಮೇಲೆ ಇಲ್ಲ.

ಎಚ್ಚರವಿರುವವಳು ಬೆನ್ನಿಗೆ ಆಸರೆಯಿಲ್ಲದ ಸ್ಟೂಲಿನ ಮೇಲೆ, ಕಾಲನ್ನು ತಣ್ಣೀರಿನ ಬಕೆಟ್ಟಿನಲ್ಲಿ ಇಳಿಬಿಟ್ಟು, ಬಾಯಿಗೆ ಲವಂಗ ಹಾಕಿಕೊಂಡು ಕೂರಬೇಕು. ನೂರು ಪರ್ಸೆಂಟ್ ಆದಾಗ ಯಂತ್ರ ತಾನೇ ಆರಿ ತಾನೇ ಹೊತ್ತಿಕೊಳ್ಳುತ್ತದೆ. ಆ ನಡುವೆ ಪರದೆ ಕಪ್ಪಾಗುತ್ತದಲ್ಲ, ಆಗ ಪೆನ್ ಡ್ರೈವ್ ಕೀಳಬೇಕು. ಕಿತ್ತರೆ ಯಂತ್ರ ಹೊಸ ಸಿಸ್ಟಮ್ಮಿನಲ್ಲಿ ಏಳುತ್ತದೆ, ಅದರ ಜೊತೆ ಮಲಗಿದವರೂ ಏಳುತ್ತಾರೆ. ಕೀಳದಿದ್ದರೆ ಅದು ಮತ್ತೆ ಪೆನ್ ಡ್ರೈವಿನಿಂದಲೇ ಎದ್ದು ಮೊದಲಿನಿಂದ ಅಳಿಸಲು ಕೂರುತ್ತದೆ. ಎರಡನೇ ಸುತ್ತಿಗೆ ಡಿಸ್ಕಿನಲ್ಲಿ ಅಳಿಸುವುದಕ್ಕೆ ಏನೂ ಉಳಿದಿರುವುದಿಲ್ಲ. ಆಗ ಅದು ಮಲಗಿದವರ ತಲೆಗೆ ಕೈ ಹಾಕುತ್ತದೆ.

ಹೋದ ತಿಂಗಳು ಗುರುಪಾದಪ್ಪನವರು ಹೇಳಿಕಳಿಸಿದರು. ಅವರದು ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ. ಊರಿನಲ್ಲಿ ಯಾರ ಮದುವೆಯೇ ಆಗಲಿ, ಪತ್ರಿಕೆ ಅವರ ಕಂಪ್ಯೂಟರಿನಲ್ಲೇ ತಯಾರಾಗಬೇಕು. ಹೋದಾಗ ಅವರು ಕನ್ನಡಕ ಹಣೆಗೇರಿಸಿಕೊಂಡು ಕೀಬೋರ್ಡಿನ ಮುಂದೆ ಕೈ ಕಟ್ಟಿ ಕೂತಿದ್ದರು.

“ಮಂಗಳಾ, ಈ ಯಂತ್ರ ಮುದಿಯಾತವ್ವ. ಒಂದಕ್ಷರ ಹೊಡೆದ್ರೆ ನಾನು ಚಾ ಕುಡಿದು ಬಂದ ಮೇಲೆ ಬೀಳ್ತದೆ. ಹೊಸದು ಹಾಕಿಬಿಡು.”

“ಬೇಕಾದ್ದು ಬೇರೆ ಕಡೆ ಇಟ್ಕೊಂಡ್ರಾ?”

“ಅಕ್ಷರದ ಫಾಂಟು, ಅಂಚಿನ ಬಳ್ಳಿ, ಗಣಪತಿ ಚಿತ್ರ ಅಷ್ಟೂ ಇಟ್ಕೊಂಡೆ. ಪತ್ರಿಕೆ ಯಾಕೆ ಇಟ್ಕೊಳ್ಳಲಿ? ಆಗಿಹೋದ ಮದುವೆಗಳು. ಜನ ಬಂದು ಮಲಗಿ ಒಂದ್ಸಲ ನೋಡ್ಕಂಡು ಹೋಗ್ಲಿ.”

ಸುದ್ದಿ ಹಬ್ಬಿತು ನೋಡಿ, ಊರಿಗೆ ಊರೇ ಚಾಪೆ ಕಂಕುಳಲ್ಲಿಟ್ಟುಕೊಂಡು ನಿಂತಿತು. ಇಪ್ಪತ್ತೈದು ವರ್ಷದ ಮದುವೆಗಳೆಲ್ಲ ಒಂದೇ ಮಧ್ಯಾಹ್ನ ಹಾದು ಹೋಗುತ್ತವೆ ಎಂದರೆ ಯಾರು ಬಿಡುತ್ತಾರೆ? ಮಾತು ಬಿಟ್ಟು ಹತ್ತು ವರ್ಷವಾದ ಗಂಡ ಹೆಂಡತಿ ಕೂಡ, ನಮ್ಮಿಬ್ಬರಿಗೆ ಬೇರೆ ಬೇರೆ ಮೂಲೆ ಕೊಡಿ ಅಂತ ಹೇಳಿ ಹೆಸರು ಬರೆಸಿದರು. ತನ್ನ ಮದುವೆಯಲ್ಲೇ ತನಗೆ ಹೋಳಿಗೆ ಸಿಗಲಿಲ್ಲ ಅಂತ ಇವತ್ತಿಗೂ ಮುನಿಸಿಕೊಂಡಿದ್ದ ಒಬ್ಬ ಮಹಾರಾಯ, ಈ ಸಲ ಮೊದಲ ಪಂಕ್ತಿಗೇ ಕೂರುತ್ತೇನೆ ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಡಿಸ್ಕಿನಲ್ಲಿ ನನ್ನದೂ ಒಂದಿತ್ತು.

ಹದಿನೆಂಟು ವರ್ಷದ ಹಿಂದೆ ಈ ಪೆನ್ ಡ್ರೈವ್ ಪಾಲಾಕ್ಷನ ಕೊರಳಲ್ಲಿತ್ತು. ಊರಿಗೆಲ್ಲ ಸಿಸ್ಟಮ್ ಹಾಕುತ್ತಿದ್ದವನು ಅವನೇ. ನನಗೂ ಅವನಿಗೂ ಮದುವೆ ಗೊತ್ತಾಗಿ, ಗುರುಪಾದಪ್ಪನವರು ಪತ್ರಿಕೆ ಕೂಡಿಸಿ, ಪ್ರೂಫ್ ತೆಗೆದು ತೋರಿಸಿದ್ದರು. ಅಚ್ಚಿಗೆ ಹೋಗಲು ಒಂದು ದಿನ ಬಾಕಿ. ಪಾಲಾಕ್ಷ ಮೂರು ದಿನದಿಂದ ನಿದ್ದೆಗೆಟ್ಟು ಮನೆಗೆ ಸುಣ್ಣ ಬಳಿದಿದ್ದ, ಚಪ್ಪರ ಹಾಕಿದ್ದ. ಆ ದಿನ ಹಾಲಿನ ಡೈರಿಯ ಕಂಪ್ಯೂಟರಿಗೆ ಸಿಸ್ಟಮ್ ಹಾಕಲು ಕೂತ. ಯಾವ ಹಾಲು ಎಷ್ಟು ಡಿಗ್ರಿ ಎಂಬ ಕನಸು ಯಾರಿಗೆ ಬೇಕು? ಅದಕ್ಕೇ ಯಾರೂ ಮಲಗಿರಲಿಲ್ಲ, ಅವನೊಬ್ಬನೇ ಇದ್ದ. ನಾನು ಊಟದ ಕ್ಯಾರಿಯರ್ ಹಿಡಿದು ಹೋಗಿ ನೋಡುತ್ತೇನೆ, ಬಕೆಟ್ ಉರುಳಿದೆ, ಅವನು ಒದ್ದೆ ನೆಲದ ಮೇಲೆ ಮಲಗಿ ನಿದ್ದೆ ಹೊಡೆಯುತ್ತಿದ್ದಾನೆ, ಪರದೆಯ ಮೇಲೆ ಅರವತ್ತು ಪರ್ಸೆಂಟ್. ಎಷ್ಟನೇ ಸುತ್ತೋ ದೇವರಿಗೇ ಗೊತ್ತು. ಅರ್ಧಕ್ಕೆ ಕಿತ್ತರೆ ಇನ್ನೂ ಕೆಟ್ಟದ್ದು, ಮಲಗಿದವರು ಏಳುವುದೇ ಇಲ್ಲ ಎಂದು ಅವನೇ ಒಮ್ಮೆ ಹೇಳಿದ್ದ. ಹಾಗಾಗಿ ಪಕ್ಕದಲ್ಲಿ ಕೂತು ನೂರಾಗುವ ತನಕ ಕಾದೆ. ನಲವತ್ತು ನಿಮಿಷ. ಪರದೆ ಕಪ್ಪಾದಾಗ ಕಿತ್ತೆ. ಅವನು ಎದ್ದು ಕೂತು, ಕಣ್ಣುಜ್ಜಿಕೊಂಡು, ಬಹಳ ಮರ್ಯಾದೆಯಿಂದ, “ಯಾರು ಬೇಕಾಗಿತ್ತಕ್ಕಾ?” ಎಂದ. ಆ ನಲವತ್ತು ನಿಮಿಷದಲ್ಲಿ ನಾನು ಅವನಿಂದ ಹೋದೆನೋ, ಅದಕ್ಕೂ ಮುಂಚೆಯೇ ಹೋಗಿಬಿಟ್ಟಿದ್ದೆನೋ, ಇವತ್ತಿಗೂ ಗೊತ್ತಿಲ್ಲ.

ಮರೆತವರಿಗೆ ಮರೆತದ್ದನ್ನು ಹೇಳಬಾರದು ಎಂಬುದು ನಮ್ಮೂರಿನ ಕಟ್ಟು. ಹೇಳಿದರೆ ಅದು ಅವರಿಗೆ ಯಾರದೋ ಕಥೆಯಾಗುತ್ತದೆಯೇ ಹೊರತು ನೆನಪಾಗುವುದಿಲ್ಲ ಅನ್ನುತ್ತಾರೆ. ಊರಿಗೆ ಊರೇ ಬಾಯಿ ಹೊಲಿದುಕೊಂಡಿತು. ಪತ್ರಿಕೆ ಅಚ್ಚಾಗಲಿಲ್ಲ. ಅವನಿಗೆ ಹಿಂದಿನದೇನೂ ಉಳಿದಿರಲಿಲ್ಲ, ಕೈಕೆಲಸ ಕೂಡ, ಹಾಗಾಗಿ ಪೆನ್ ಡ್ರೈವ್ ನನ್ನ ಕೊರಳಿಗೆ ಬಂತು. ಎರಡು ವರ್ಷದ ಮೇಲೆ ಪಾಲಾಕ್ಷನಿಗೆ ಹೊಳೆಯಾಚೆಯ ಊರಿನಿಂದ ದಾಕ್ಷಾಯಿಣಿ ಎಂಬ ಹುಡುಗಿಯನ್ನು ತಂದರು. ಆ ಮದುವೆಗೆ ನಾನು ಹೋಗಲಿಲ್ಲ, ಬಾಗಿಲು ಹಾಕಿಕೊಂಡು ಮನೆಯಲ್ಲೇ ಬಿದ್ದಿದ್ದೆ. ಈಗ ಅವನು ಹಿಟ್ಟಿನ ಗಿರಣಿ ನಡೆಸುತ್ತಾನೆ. ರೆಪ್ಪೆಯ ತನಕ ಬಿಳಿಯಾಗಿ ನಿಂತು, “ಸಣ್ಣಗೆ ಬೀಸಲಾ ಅಕ್ಕಾ, ತರಿ ಬಿಡಲಾ?” ಎಂದು ಕೇಳುತ್ತಾನೆ. ಒಳ್ಳೆಯವನು.

ಹೆಸರು ಬರೆಸಿದವರ ಪಟ್ಟಿಯಲ್ಲಿ ಪಾಲಾಕ್ಷನೂ ಇದ್ದ, ದಾಕ್ಷಾಯಿಣಿಯೂ ಇದ್ದಳು. ಇರಲೇಬೇಕಲ್ಲ, ಅವರ ಪತ್ರಿಕೆಯೂ ಅದೇ ಡಿಸ್ಕಿನಲ್ಲಿತ್ತು. ಹಾಗೆ ಮಲಗಿದರೆ ಇಬ್ಬರೂ ನನ್ನ ಮದುವೆಯನ್ನು ನೋಡುತ್ತಾರೆ. ಅವನಿಗೆ ನೆನಪಾದರೆ ಹದಿನಾರು ವರ್ಷದ ಸಂಸಾರ ಏನಾಗಬೇಕು? ನೆನಪಾಗದಿದ್ದರೆ ನಾನು ಏನಾಗಬೇಕು? ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಿದ್ದೆ ಅಂತ ನನ್ನನ್ನು ಕೇಳಬೇಡಿ. ಗುರುಪಾದಪ್ಪನವರ ಹತ್ತಿರ ಗುಟ್ಟಾಗಿ, ಆ ಒಂದನ್ನು ಮೊದಲೇ ತೆಗೆದುಬಿಡಿ ಅಂದೆ. ಅವರು, “ನಾನು ಅವತ್ತೇ ತೆಗೆದಿದ್ದೆ ಕಣವ್ವ. ತೆಗೆದಿದ್ದೂ ಬರ್ತದೆ ಅಂತ ನಿನಗೆ ನಾನು ಹೇಳಬೇಕಾ?” ಎಂದು ನೆಲ ನೋಡಿದರು.

ಮಾರನೇ ದಿನ ಬೆಳಿಗ್ಗೆ ದಾಕ್ಷಾಯಿಣಿ ನನ್ನ ಮನೆಗೆ ಬಂದಳು, ಕೈಯಲ್ಲಿ ನನ್ನ ಹಿಟ್ಟಿನ ಡಬ್ಬಿ.

“ಗಿರಣೀಲಿ ಬಿಟ್ಟು ಬಂದಿದ್ರಿ ಅಕ್ಕಾ.”

“ಬಿಟ್ಟಿಲ್ಲ ಮಾರಾಯ್ತಿ, ನಾಳೆ ಬರೋಳಿದ್ದೆ.”

ಅವಳು ಹೊಸ್ತಿಲ ಒಳಗೆ ಬಂದು, ಡಬ್ಬಿ ಕೆಳಗಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡಳು. “ಒಬ್ಬರೇ ಇರೋ ಮನೆಗೆ ತಿಂಗಳಿಗೆ ಎಂಟು ಸೇರು ಜೋಳ ಬೀಸಿಸ್ತೀರಿ. ಯಾರಿಗೆ ಬಡೀತೀರಿ ಅಷ್ಟು ರೊಟ್ಟಿ?”

ನನ್ನ ಬಾಯಿ ಎಂಥದ್ದು ಅಂತ ಊರಿಗೆಲ್ಲ ಗೊತ್ತು. ಸಂತೆಯಲ್ಲಿ ನನ್ನ ಹತ್ತಿರ ಮಾತಿಗೆ ನಿಂತು ಗೆದ್ದವರಿಲ್ಲ. ಆದರೆ ಆಗ ಡಬ್ಬಿಯ ಮುಚ್ಚಳ ತೆಗೆದು ಹಿಟ್ಟು ನೋಡಿದೆ, ಅಷ್ಟೇ. ಆ ಹಿಟ್ಟನ್ನೆಲ್ಲ ನಾನು ಪಕ್ಕದ ಬೀದಿಯ ಖಾನಾವಳಿಗೆ ಕೊಟ್ಟುಬಿಡುತ್ತಿದ್ದೆ.

“ಗುರುಪಾದಪ್ಪನೋರು ಮೊನ್ನೆ ಹೆಸರು ಬರಕೊಳ್ಳುವಾಗ ಬಾಯಿ ತಪ್ಪಿ, ಪಾಲಾಕ್ಷಂದು ಎರಡಿದಾವೆ ಅಂದ್ಬಿಟ್ರು,” ಎಂದಳು ಅವಳು. “ಅಂದಮೇಲೆ ನಾಲಿಗೆ ಕಚ್ಚಿಕೊಂಡ್ರು. ಅಕ್ಕಾ, ನಾನೇನು ಕೂಸಲ್ಲ. ಈ ಊರಿಗೆ ಬಂದ ವರ್ಷವೇ ಅಂದ್ಕೊಂಡಿದ್ದೆ, ಯಾರೋ ಇದ್ರು ಅಂತ. ನೀವೇ ಅಂತ ಗೊತ್ತಾಗೋಕೆ ಇನ್ನೆರಡು ವರ್ಷ ಹಿಡೀತು.”

“ಹಂಗಿದ್ರೆ ನನ್ನ ಜೋಳ ಯಾಕೆ ಬೀಸಿಕೊಟ್ಟಿರಿ ಇಷ್ಟು ವರ್ಷ?”

“ಮತ್ತೇನು, ನಿಮ್ಮ ಜುಟ್ಟು ಹಿಡಿದು ಬೀದೀಲಿ ಎಳೆದಾಡಬೇಕಿತ್ತಾ?” ಎಂದು ಅವಳು ನಕ್ಕಳು. ಆಮೇಲೆ ನಗು ಆರಿತು. “ಅವರು ಎಷ್ಟೋ ದಿನ ಮಧ್ಯಾಹ್ನ ಗಿರಣಿ ನಿಲ್ಸಿ ಬಾಗಿಲಿಗೆ ಬಂದು ನಿಲ್ತಾರೆ. ಏನ್ರೀ ಅಂದ್ರೆ, ಯಾರೋ ಊಟ ತರ್ತಾರಲ್ಲ ಅಂತಾರೆ. ನಾನು ಊಟ ತಂದು ಮುಂದೆ ಇಟ್ರೂ ತಿಂತಾ ತಿಂತಾ ರಸ್ತೇನೇ ನೋಡ್ತಾರೆ. ಅವರಿಗೆ ಯಾರನ್ನ ನೋಡ್ತಿದೀನಿ ಅಂತ ಗೊತ್ತಿಲ್ಲ, ಪಾಪ. ನನಗೆ ಗೊತ್ತು. ಹದಿನಾರು ವರ್ಷ ಒಂದು ರಸ್ತೆ ಮೇಲೆ ಹೊಟ್ಟೆಕಿಚ್ಚು ಪಟ್ಟೆ ಅಕ್ಕಾ. ಸಾಕಾಗಿದೆ. ಒಂದ್ಸಲ ಅದೇನಿದೆಯೋ ನೋಡಿಬಿಡ್ಲಿ. ಅವರೂ ನೋಡ್ಲಿ, ನೀವೂ ನೋಡಿ.”

“ನಾನು ಮಲಗಿದ್ರೆ ಕೀಳೋರು ಯಾರು?”

“ನಾನು.”

ನನಗೆ ಮೈ ಉರಿಯಿತು. ನಲವತ್ತು ಜನರ ತಲೆ ಅದು, ಹಿಟ್ಟಿನ ಡಬ್ಬಿಯಲ್ಲ ಎಂದು ಬೈದೆ. ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಎರಡು ಗಂಟೆ ಕೂರುವುದು ಎಂದರೆ ಏನಂದುಕೊಂಡಿದ್ದೀಯ ಎಂದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡು, “ಮೂರು ಮಕ್ಕಳನ್ನ ಸಾಕಿದೀನಿ ಅಕ್ಕಾ, ನಿದ್ದೆ ತಡಿಯೋದು ನನಗೆ ಹೇಳಿಕೊಡ್ತೀರಾ?” ಎಂದಳು. ಅವಳು ಹೋದ ಮೇಲೆ ಬಹಳ ಹೊತ್ತು ಡಬ್ಬಿಯ ಪಕ್ಕ ಕೂತೇ ಇದ್ದೆ. ಹದಿನೆಂಟು ವರ್ಷ ಬೇರೆಯವರ ರೆಪ್ಪೆ ಅದುರುವುದನ್ನು ನೋಡುತ್ತ ಕೂತಿದ್ದೇನೆ. ನನಗೆ ಆಸೆಯಾಯಿತು. ಸುಳ್ಳು ಯಾಕೆ ಹೇಳಲಿ, ಬಹಳ ಆಸೆಯಾಯಿತು.

ನಾಲ್ಕು ದಿನ ಅವಳು ಮನೆಗೆಲಸ ಮುಗಿಸಿ ಬಂದು ಕಲಿತಳು. ನನ್ನ ಹಳೆಯ ಕಂಪ್ಯೂಟರಿನಲ್ಲಿ ಏನೂ ಇರಲಿಲ್ಲ, ಅದರ ಮೇಲೆಯೇ ಮತ್ತೆ ಮತ್ತೆ ಹಾಕಿ ತೋರಿಸಿದೆ. ಬೆರಳ ತುದಿಯಿಂದ ಎಳೆಯಬೇಡ, ಜಾರುತ್ತದೆ, ಹೆಬ್ಬೆರಳನ್ನು ಅಡಿಗೆ ಕೊಟ್ಟು ಕೀಳು ಅಂದೆ. ತೊಂಬತ್ತೊಂಬತ್ತಕ್ಕೆ ಬಂದು ಬಹಳ ಹೊತ್ತು ನಿಲ್ಲುತ್ತದೆ, ಮುಗಿಯಿತು ಅಂತ ಮೋಸ ಹೋಗಬೇಡ, ಕಪ್ಪಾಗಲೇಬೇಕು ಅಂದೆ. ಕಪ್ಪಾದ ಮೇಲೆ ಐದು ಉಸಿರು ಮಾತ್ರ ಪುರುಸೊತ್ತು ಅಂದೆ. ಅವಳು ತಲೆಯಾಡಿಸುತ್ತ ಕಲಿತಳು. ಅಡಿಗೆಮನೆಯವರಿಗೆ ಇದು ಬೇಗ ಬರುತ್ತದೆ, ಹಾಲು ಉಕ್ಕುವ ಗಳಿಗೆ ಗೊತ್ತಿರುತ್ತದಲ್ಲ.

ಆ ದಿನ ಗುರುಪಾದಪ್ಪನವರ ಅಂಗಡಿಯ ಒಳಗೆ, ಪಡಸಾಲೆಯಲ್ಲಿ, ಕಾಗದದ ಕಟ್ಟುಗಳ ನಡುವೆ ಎಲ್ಲೆಲ್ಲೂ ಚಾಪೆ. ಹೆಂಗಸರು ಮದುವೆಯ ಸೀರೆಯನ್ನೇ ಉಟ್ಟು ಬಂದಿದ್ದರು. ದಾಕ್ಷಾಯಿಣಿ ಹೋಗಿ ಬಕೆಟ್ಟಿನಲ್ಲಿ ಕಾಲಿಟ್ಟು ಸ್ಟೂಲಿನ ಮೇಲೆ ಕೂತಾಗ ಗುರುಪಾದಪ್ಪನವರ ಕನ್ನಡಕ ಹಣೆಯಿಂದ ಜಾರಿ ಮೂಗಿಗೆ ಬಂತು.

“ಏನ್ ಹುಡುಗಾಟ ಇದು ಮಂಗಳಾ? ಆಕೆ ಕೂರೋದು, ನೀನು ಮಲಗೋದು?”

“ಚೆನ್ನಾಗಿ ಕಲಿಸಿದೀನಿ. ನಿಮಗೆ ಹೆದರಿಕೆ ಇದ್ರೆ ನೀವು ಮಲಗಬೇಡಿ, ಆಚೆ ನಿಂತಿರಿ.”

“ನನ್ನ ಅಂಗಡೀಲಿ ನನ್ನನ್ನೇ ಆಚೆ ಕಳಸ್ತಾಳೆ ನೋಡು,” ಎಂದು ಗೊಣಗುತ್ತ ಅವರು ಮಲಗಿದರು.

ಪಾಲಾಕ್ಷ ಅಂಗಿಯ ಹಿಟ್ಟು ಕೊಡವಿಕೊಂಡು ಬಂದ. ಹೆಂಡತಿಯನ್ನು ನೋಡಿ, “ನೀನು ಮಲಗಲ್ವೇನೇ?” ಎಂದ. “ನನಗೆ ಹಗಲು ನಿದ್ದೆ ಬರಲ್ಲ, ನೀವು ಮಲಗ್ರಿ,” ಎಂದಳು ಅವಳು. ಅವನು ಮಗುವಿನ ಹಾಗೆ ಹೇಳಿದಲ್ಲಿ ಮಲಗಿದ. ಅವನಿಗೂ ನನಗೂ ನಡುವೆ ಮೂರು ಚಾಪೆ ಇದ್ದವು. ದಾಕ್ಷಾಯಿಣಿ ಪಟಪಟ ಗುಂಡಿ ಬಡಿದಳು, ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಕೊಟ್ಟಳು. ಆಮೇಲೆ ಜೋರಾಗಿ, ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು ಓದಿದಳು. ಎಲ್ಲರೂ ಮುಂದುವರಿ ಅಂದರು. ನಾನು ಜನ್ಮದಲ್ಲಿ ಮೊದಲ ಸಲ ಅಂದೆ. ಕಣ್ಣು ಮುಚ್ಚುವ ಮುಂಚೆ ಕಂಡದ್ದು ಸಿಪಿಯು ಪಕ್ಕದಲ್ಲಿ ಅವಳ ಕೈ. ಆ ಕೈಗೆ ನನ್ನ ತಲೆ ಕೊಟ್ಟೆನಲ್ಲ, ಪಾಲಾಕ್ಷನ ತಲೆಯನ್ನೂ ಕೊಟ್ಟೆನಲ್ಲ ಅಂದುಕೊಂಡೆ, ಅಷ್ಟರಲ್ಲಿ ನಿದ್ದೆ ಬಂತು.

ಮೊದಲು ಕಂಡದ್ದು ಅಂಚು. ಆಕಾಶದ ನಾಲ್ಕೂ ಕಡೆ ಪತ್ರಿಕೆಯಲ್ಲಿರುವಂಥ ಬಂಗಾರದ ಬಳ್ಳಿ ಹಬ್ಬಿತ್ತು. ಬಾಗಿಲಿನ ಎರಡು ಕಡೆ ಆಳೆತ್ತರದ ನವಿಲುಗಳು, ಬಂದವರಿಗೆಲ್ಲ ಕತ್ತು ಬಗ್ಗಿಸಿ ದಾರಿ ಬಿಡುತ್ತಿದ್ದವು. ಒಂದೇ ಛತ್ರ, ಆದರೆ ಅದರೊಳಗೆ ಒಂದು ಮದುವೆ ಮುಗಿಯುವಷ್ಟರಲ್ಲಿ ಇನ್ನೊಂದು ಮೆಲ್ಲಗೆ ಬಂದು ಕೂರುತ್ತಿತ್ತು. ಅಕ್ಷತೆ ಮೇಲಕ್ಕೆ ಹೋಗಿ ಕೆಳಗೆ ಬೀಳುವಾಗ ಬೇರೆ ಮದುವೆಯವರ ತಲೆಯ ಮೇಲೆ ಬೀಳುತ್ತಿತ್ತು. ಮಾತು ಬಿಟ್ಟ ಆ ಗಂಡ ಹೆಂಡತಿ ಹಸೆಮಣೆಯ ಮೇಲೆ ಏನೋ ಪಿಸುಗುಟ್ಟಿಕೊಂಡು ನಗುತ್ತಿದ್ದರು. ಹೋಳಿಗೆಯ ಮಹಾರಾಯ ಪಂಕ್ತಿಯಿಂದ ಪಂಕ್ತಿಗೆ ಓಡುತ್ತಿದ್ದ. ನಾನು ಇದುವರೆಗೆ ಇಷ್ಟು ಚಂದವನ್ನೆಲ್ಲ ಬಿಟ್ಟು ಬಕೆಟ್ಟಿನ ನೀರು ನೋಡುತ್ತ ಕೂತಿದ್ದೆನಲ್ಲ ಅಂತ ಹೊಟ್ಟೆ ಉರಿಯಿತು.

ಆಮೇಲೆ ಬಣ್ಣವೆಲ್ಲ ಇಳಿದುಹೋಯಿತು. ಪ್ರೂಫನ್ನು ಕಪ್ಪು ಬಿಳುಪಿನಲ್ಲಿ ತೆಗೆದಿದ್ದರಲ್ಲ, ನನ್ನ ಮದುವೆ ಹಾಗೇ ಬಂತು. ಮಾವಿನ ತೋರಣ ಬೂದಿ ಬಣ್ಣ, ನನ್ನ ಸೀರೆ ಬಿಳಿ, ಕುಂಕುಮ ಕಪ್ಪು. ಸಾಲು ಸಾಲು ಖಾಲಿ ಕುರ್ಚಿ. ಪತ್ರಿಕೆ ಯಾರಿಗೂ ಹೋಗಿರಲಿಲ್ಲ, ಯಾರೂ ಬಂದಿರಲಿಲ್ಲ. ನಾನು ಒಂದು ಮಣೆಯ ಮೇಲೆ ಕೂತಿದ್ದೆ. ಪಾಲಾಕ್ಷ ಬಾಗಿಲಲ್ಲಿ ಕಾಣಿಸಿದ, ಇವತ್ತಿನ ಪಾಲಾಕ್ಷನೇ, ಕಿವಿಯ ಮೇಲಿನ ಕೂದಲು ನರೆತವನು, ತೋಳಿಗೆ ಹಿಟ್ಟು ಮೆತ್ತಿಕೊಂಡವನು.

“ಇನ್ನೂ ಯಾರೂ ಬಂದಿಲ್ವಲ್ಲಕ್ಕಾ?” ಎಂದ.

“ಪತ್ರಿಕೆ ಹಂಚಲಿಲ್ಲ.”

“ಅಯ್ಯೋ, ಒಬ್ಬರೇ ಕೂತಿದೀರಲ್ಲ. ನಾನು ಕೂತಿರ್ತೀನಿ ಬಿಡಿ.” ಅವನು ಬಂದು ಪಕ್ಕದ ಮಣೆಯ ಮೇಲೆ, ತಪ್ಪು ಮಾಡುತ್ತಿರುವವನ ಹಾಗೆ ತುದಿಯಲ್ಲಿ ಕೂತ. ಸ್ವಲ್ಪ ಹೊತ್ತಿಗೆ ಹೊಟ್ಟೆ ಸವರಿಕೊಂಡ. ನಾನು ಒಳಗೆ ಹೋಗಿ ನೋಡಿದರೆ ಅಡಿಗೆಮನೆಯಲ್ಲಿ ಒಂದೇ ಎಲೆಗೆ ಆಗುವಷ್ಟು ಅಡಿಗೆ ಇತ್ತು. ತಂದು ಬಡಿಸಿದೆ. ಅವನು ಉಣ್ಣತೊಡಗಿದ. ಗಂಡು ನೀನೇ ಕಣೋ ಎಂದು ಹೇಳಲು ಬಾಯಿ ತೆರೆದೆ. ಕನಸಿನಲ್ಲಿ ಊರಿನ ಕಟ್ಟಿಲ್ಲ, ಹೇಳಬಹುದಿತ್ತು. ಆದರೆ ಅವನು ಉಣ್ಣುತ್ತಿದ್ದ ರೀತಿ ಹೇಗಿತ್ತು ಎಂದರೆ, ತಲೆ ಬಗ್ಗಿಸಿ, ನಿಧಾನವಾಗಿ, ಎಲೆಯನ್ನಲ್ಲದೆ ಬೇರೇನನ್ನೂ ನೋಡದೆ. ಅವನ ಊಟ ಕೆಡಿಸಲು ನನಗೆ ಮನಸ್ಸು ಬರಲಿಲ್ಲ. ಸುಮ್ಮನೆ ಮಜ್ಜಿಗೆ ಹಾಕಿದೆ. ಅವನು “ಬಹಳ ಚೆನ್ನಾಗಿದೆ” ಎಂದ. ನನಗೆ ಅಳು ಬಂತು, ಆದರೆ ದುಃಖದ್ದಲ್ಲ.

ಮಜ್ಜಿಗೆ ಮುಗಿಯುವಷ್ಟರಲ್ಲಿ ಎಲೆ ಹಸಿರಾಯಿತು. ಹಸಿರು ಎಲೆಯಿಂದ ತೋರಣಕ್ಕೆ ಏರಿತು, ಕುಂಕುಮ ಕೆಂಪಾಯಿತು, ಕುರ್ಚಿಗಳ ಮೇಲೆ ಜನ ತುಂಬಿಕೊಂಡರು, ವಾಲಗ ಶುರುವಾಯಿತು. ನಾನು ಮಣೆಯಿಂದ ಎದ್ದಿದ್ದು ಯಾವಾಗಲೋ, ಗುಂಪಿನ ನಡುವೆ ನಿಂತಿದ್ದೆ, ಕೈಯಲ್ಲಿ ಅಕ್ಷತೆ ಇತ್ತು. ಹಸೆಯ ಮೇಲೆ ಪಾಲಾಕ್ಷ, ಪಕ್ಕದಲ್ಲಿ ಹತ್ತೊಂಬತ್ತರ ದಾಕ್ಷಾಯಿಣಿ. ನಾನು ಅವತ್ತು ಹೋಗದೆ ಉಳಿದ ಮದುವೆಗೆ ಈಗ ಬಂದಿದ್ದೆ. ಕೊನೆಯ ತನಕ ನಿಂತು ನೋಡಿದೆ, ಅಕ್ಷತೆಯನ್ನೂ ಹಾಕಿದೆ.

ಕಣ್ಣು ಬಿಟ್ಟಾಗ ಅಂಗಡಿಯಲ್ಲಿ ಗದ್ದಲವೋ ಗದ್ದಲ. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು, ಯಾರೋ ಅಳುತ್ತಿದ್ದರು, ಹೋಳಿಗೆಯವನು ಈ ಸಲವೂ ತೀರಿಹೋಗಿತ್ತು ಅಂತ ಕೂಗಾಡುತ್ತಿದ್ದ. ನಾನು ಮೊದಲು ನನ್ನ ಹೆಸರು ಹೇಳಿಕೊಂಡು ನೋಡಿದೆ. ಇತ್ತು. ಯಂತ್ರ ಹೊಸ ನೀಲಿ ಬೆಳಕಿನಲ್ಲಿ ಎದ್ದು, ನಿಮ್ಮ ಹೆಸರೇನು, ಯಾವ ಭಾಷೆಯ ಕೀಬೋರ್ಡ್ ಎಂದು ಕೇಳುತ್ತ ನಿಂತಿತ್ತು.

ಪಾಲಾಕ್ಷ ಚಾಪೆ ಸುತ್ತಿಕೊಂಡು ನೇರವಾಗಿ ನನ್ನ ಹತ್ತಿರ ಬಂದ.

“ಅಕ್ಕಾ, ನಿಮ್ಮದೊಂದು ಮದುವೆಗೆ ಬಂದಿದ್ದೆ,” ಎಂದ ದನಿ ತಗ್ಗಿಸಿ. “ಬೇರೆ ಯಾರೂ ಇರಲಿಲ್ಲ. ಗಂಡು ಬರೋ ತನಕ ಅಂತ ಅವನ ಮಣೆ ಮೇಲೆ ನಾನೇ ಕೂತಿದ್ದೆ, ತಪ್ಪು ತಿಳೀಬೇಡಿ. ಊಟ ಮಾಡಿ ಎದ್ದು ಬಂದುಬಿಟ್ನಲ್ಲ, ಆಮೇಲೆ ಬಂದ್ನಾ ಅವನು?”

“ಬಂದ,” ಎಂದೆ. “ಸ್ವಲ್ಪ ತಡವಾಗಿ ಬಂದ.”

“ಸದ್ಯ!” ಎಂದು ಅವನು ದೊಡ್ಡ ಉಸಿರು ಬಿಟ್ಟ. ಅವನ ಮುಖದಲ್ಲಿ ಎಷ್ಟೋ ವರ್ಷದಿಂದ ಬಿಗಿದಿದ್ದದ್ದು ಏನೋ ಸಡಿಲವಾದದ್ದನ್ನು ನಾನು ಕಂಡೆ. ಜೋಳದ ಚೀಲ ಹಾಗೇ ಬಿಟ್ಟು ಬಂದಿದ್ದೇನೆ ಅಂತ ಹೆಂಡತಿಗೆ ಹೇಳಿ ಅವನು ಗಿರಣಿಗೆ ಹೊರಟುಹೋದ. ರಸ್ತೆಯಲ್ಲಿ ಒಂದು ಸಲವೂ ತಿರುಗಿ ನೋಡಲಿಲ್ಲ.

ಜನ ಕರಗಿದ ಮೇಲೆ ನಾನು ದಾಕ್ಷಾಯಿಣಿಯ ಹತ್ತಿರ ಹೋದೆ. ಅವಳು ಇನ್ನೂ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡೇ ಇದ್ದಳು, ಪಾದ ನೆನೆದು ಸುಕ್ಕಾಗಿತ್ತು. ಮುಷ್ಟಿ ಬಿಗಿದಿತ್ತು. ಬೆರಳು ಒಂದೊಂದಾಗಿ ಬಿಡಿಸಿ ಪೆನ್ ಡ್ರೈವ್ ತೆಗೆದುಕೊಂಡೆ. ಅಂಗೈಯಲ್ಲಿ ಅದರ ಗುರುತು ಕೂತಿತ್ತು.

“ಕಪ್ಪಾದಾಗ ಒಂದು ಉಸಿರು ಕೈ ಮುಂದೆ ಹೋಗಲಿಲ್ಲ ಅಕ್ಕಾ,” ಎಂದಳು. “ನೀವೂ ನಮ್ಮನೆಯವರೂ ನಗ್ತಾ ಮಲಗಿದ್ರಿ. ಹಿಂಗೇ ಬಿಟ್ರೆ ಎಲ್ಲಾ ಒರೆಸಿಹೋಗ್ತದೆ, ಇವರನ್ನ ಹೊಸಬರ ಹಾಗೆ ಕರ್ಕೊಂಡು ಹೋಗಿ ಮೊದಲಿಂದ ಶುರು ಮಾಡಬಹುದು ಅನ್ನಿಸ್ತು. ಎರಡನೇ ಉಸಿರಿಗೆ ನನ್ನ ಮೇಲೆ ನನಗೇ ಹೇಸಿಗೆ ಆಯ್ತು. ಕಿತ್ತುಬಿಟ್ಟೆ.”

“ಗೊತ್ತು. ನಾನಾಗಿದ್ರೂ ಒಂದುಸಿರು ತಡೀತಿದ್ದೆ,” ಎಂದೆ. ಆಗ ನನಗೆ ಥಟ್ಟನೆ ಹೊಳೆಯಿತು. ನಾಲ್ಕು ದಿನ ಪಾಠ ಹೇಳಿದವಳು ನಾನು, ಇಷ್ಟು ದಡ್ಡಿಯೇ? “ದಾಕ್ಷೀ, ನಿನ್ನ ಮದುವೆಯೂ ಇವತ್ತೇ ಹೋಯ್ತಲ್ಲೇ. ನೀನು ನೋಡಲೇ ಇಲ್ಲ.”

“ನೀವು ನೋಡಿದ್ರಲ್ಲ,” ಎಂದಳು ಅವಳು. ಕಾಲು ಬಕೆಟ್ಟಿನಿಂದ ತೆಗೆದು ನೆಲದ ಮೇಲಿಟ್ಟಳು. “ಹೇಳಿ, ಹೆಂಗಿತ್ತು?”

ನಾನು ಅವಳ ಪಕ್ಕ ನೆಲದ ಮೇಲೆ ಕೂತು ಮೊದಲಿನಿಂದ ಹೇಳತೊಡಗಿದೆ. ಹಳದಿ ಸೀರೆ, ಹಸಿರು ಅಂಚು. ಬಾಸಿಂಗ ಕೊಂಚ ಓರೆಯಾಗಿತ್ತು, ಅದನ್ನು ನೆಟ್ಟಗೆ ಮಾಡಲು ನಿಮ್ಮ ಚಿಕ್ಕಮ್ಮ ಮೂರು ಸಲ ಎದ್ದು ಬಂದರು. ವಾಲಗದವನಿಗೆ ಕೆಮ್ಮು ಬಂದು ನಡುವೆ ನಿಲ್ಲಿಸಿದ. ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು.

“ನಾನು ಹೆಂಗಿದ್ದೆ?”

“ಚೆನ್ನಾಗಿದ್ದೆ. ನಗ್ತಾ ಇದ್ದೆ.”

“ಸುಳ್ಳು,” ಎಂದಳು ಕಣ್ಣು ತೆರೆಯದೆ. “ನಾನು ಅವತ್ತು ತಲೆ ಬಗ್ಗಿಸಿ ಅಳ್ತಾ ಇದ್ದೆ. ಗುರುತಿಲ್ಲದ ಊರು, ಏನೂ ನೆನಪಿಲ್ಲದ ಗಂಡ. ಅಷ್ಟು ಜನ ಇದ್ರು, ಒಬ್ಬರೂ ನೋಡಲಿಲ್ಲ.”

ಗುಂಪಿನ ನಡುವೆ ನಿಂತು ಕಂಡದ್ದನ್ನು ನನಗೆ ಅಂತಲೇ ಇಟ್ಟುಕೊಳ್ಳಬಹುದಿತ್ತು, ಅಥವಾ ಕಾಣಲೇ ಇಲ್ಲ ಅನ್ನಬಹುದಿತ್ತು.

“ಅಳ್ತಾ ಇದ್ದೆ,” ಎಂದೆ. “ಅವನು ನೋಡ್ದ. ಎಲ್ಲರೂ ಅಕ್ಷತೆ ಹಾಕುವಾಗ ನಿನ್ನ ಮುಖಕ್ಕೆ ಬೀಳದ ಹಾಗೆ ಶಲ್ಯ ಅಡ್ಡ ಹಿಡಿದ. ಯಾರಿಗೂ ಕಾಣಬಾರದು ಅಂತ ಹಿಡಿದದ್ದು ಅದು. ಮುಗಿಯೋ ತನಕ ಹಿಡಿದೇ ಇದ್ದ.”

ದಾಕ್ಷಾಯಿಣಿ ಕಣ್ಣು ತೆರೆದಳು. “ಅದು ಅಕ್ಷತೆಗೆ ಅಂತ ಅಂದ್ಕೊಂಡಿದ್ದೆ,” ಎಂದಳು. ಆಮೇಲೆ, “ಇನ್ನೊಂದ್ಸಲ ಹೇಳಿ ಅಕ್ಕಾ,” ಎಂದಳು, ನಾನು ಹೇಳಿದೆ.